ಅಣಶಿ ಘಾಟಿನ ಮೇಲೆ ಕಾರವಾರಕ್ಕೆ: ಲೈಸೆನ್ಸ್ ಇರುವ ರಿವಾಲ್ವರ್ ಒಯ್ಯಬಹುದೆ?

ಹಳಿಯಾಳ_ತೋಟ
ಆತ್ಮರಕ್ಷಣೆಗೆ ಪಡೆದ ಪಾಯಿಂಟ್ 32 ರಿವಾಲ್ವರ್, ಲೈಸೆನ್ಸ್ ಇಡೀ ಕರ್ನಾಟಕಕ್ಕೆ. ದಾಂಡೇಲಿ, ಜೋಯಿಡಾ, ಅಣಶಿ ಮೇಲೆ ಕಾರವಾರ, ಅಲ್ಲಿ ಕಾಳಿ ಹೊಳೆಯಲ್ಲಿ ದೋಣಿ. ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡರೆ ತಕರಾರು ಬರುತ್ತದೆಯೆ? ಕಾಣದಂತಿರಬೇಕು ಅಂತ ಒಬ್ಬರು, ಕಾಣುವಂತಿರಬೇಕು ಅಂತ ಇನ್ನೊಬ್ಬರು. ಸೂಪಾ, ಕದ್ರಾ ಅಣೆಕಟ್ಟಿನ ಹತ್ತಿರ ಬೇರೆ ನಿಯಮವೆ?

ಘಟ್ಟದ_ಕೆಳಗಿನವ
ಕಾಣಬಾರದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದು ನೋಡಿ: ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರ್‌ನಲ್ಲೋ (ಮೈಗೆ ಕಟ್ಟುವ ಬಂದೂಕಿನ ಚೀಲ) ಅಂಥದೇ ಬೇರೆ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ಬರಿದೇ ಸೊಂಟಕ್ಕೆ ಸಿಕ್ಕಿಸಿದರೆ ಮೊದಲನೆಯದೇ ತಪ್ಪಿತು. ಕಾರಿನ ಡಿಕ್ಕಿಯಲ್ಲಿ ಬಿಟ್ಟು ದೋಣಿ ಹತ್ತಿದರೆ ಮೂರನೆಯದು. ನಿಯಮ ಮುರಿದರೆ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ 2000 ರೂ.ವರೆಗೆ ದಂಡ, ಅಥವಾ ಎರಡೂ, ಲೈಸೆನ್ಸ್ ಹೋಗುವ ಭಯ ಬೇರೆ.

ಆದರೆ ಮಾರಾಯ್ರೆ, ನಿಮ್ಮ ತೊಡಕು ಹೊಳೆಯಲ್ಲಿ ಇಲ್ಲ, ಅಣಶಿಯಲ್ಲಿದೆ. ಆ ರಸ್ತೆ ಹೋಗುವುದು ಕಾಳಿ ಹುಲಿ ಮೀಸಲಿನೊಳಗೆ, ರಾಷ್ಟ್ರೀಯ ಉದ್ಯಾನದ ನಡುವೆ. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಮು ಹೆದ್ದಾರಿ ಹಿಡಿದು ದಾಟುವವರನ್ನು ಬಿಡುತ್ತದೆ. 31ನೆಯದರಲ್ಲಿ ಆ ವಿನಾಯಿತಿ ಇಲ್ಲ: ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಮೊದಲೇ ಇಲ್ಲದೆ ಆಯುಧ ಒಳಗೆ ಬರುವಂತಿಲ್ಲ. ಜನ ಎಡವುವುದು ಇಲ್ಲೇ, ‘ರಸ್ತೆ ಸರ್ಕಾರದ್ದು, ಲೈಸೆನ್ಸೂ ಸರ್ಕಾರದ್ದು’ ಅಂದುಕೊಂಡು. ಸಿಕ್ಕಿಬಿದ್ದರೆ ಸಾಮಾನ್ಯವಾಗಿ 3 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ, ಅಥವಾ ಎರಡೂ; ಹುಲಿ ಮೀಸಲಿನ ಕೋರ್ ಭಾಗದಲ್ಲಾದರೆ ಶಿಕ್ಷೆ ಇನ್ನೂ ಹೆಚ್ಚು. ರಿವಾಲ್ವರ್ ಜಪ್ತಿಯಾಗುತ್ತದೆ, ಕಾರಿಗೂ ಕೈ ಹಾಕಬಹುದು.

ಅರ್ಜಿಗೆ ಲೈಸೆನ್ಸ್ ಪ್ರತಿ, ಆಯುಧದ ನಂಬರು, ವಾಹನದ ನಂಬರು, ದಿನಾಂಕ, ಹೋಗುವ ದಾರಿ ಸೇರಿಸಿ. ಗೇಟಿನವರು ಬಾಯಲ್ಲಿ ‘ಹೋಗಿ’ ಅಂದದ್ದು ಅನುಮತಿಯಲ್ಲ. ಅಷ್ಟು ಓಡಾಟ ಬೇಡವೆಂದರೆ ಯಲ್ಲಾಪುರ, ಅರಬೈಲ್ ಘಾಟ, ಅಂಕೋಲಾ ಮೇಲೆ ಸುತ್ತು ಹಾಕಿ.

ಶಿರಸಿ_ಕೋವಿ
ಬೆಳೆ ಕಾಯುವ ಕೋವಿಯವರೂ ಓದಿಕೊಳ್ಳಿ. ಅದೇ ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದ 10 ಕಿ.ಮೀ. ಒಳಗಿರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸಿಗೂ ಅವರ ಒಪ್ಪಿಗೆ ಬೇಕು. ಎಷ್ಟೋ ಅರ್ಜಿ ಅಲ್ಲೇ ಕೂತಿರುತ್ತದೆ.

ಸೂಪಾ, ಕದ್ರಾ ಎರಡೂ ವಿದ್ಯುತ್ ನಿಗಮದವು. ಕದ್ರಾ ಹಿನ್ನೀರಿನ ದಡದ ಕೈಗಾ ಅಣು ವಿದ್ಯುತ್ ಸ್ಥಾವರ ಕೇಂದ್ರ ಸರ್ಕಾರದ್ದು, ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್ಎಫ್) ಕಾವಲು. ಇಂಥ ಗೇಟುಗಳ ಹತ್ತಿರ ಲೈಸೆನ್ಸ್ ತೋರಿಸಿ ವಾದ ಮಾಡುವುದು ದಡ್ಡತನ.

ಅಮೆರಿಕದಲ್ಲಿರುವ ನೆಂಟರ ಮಾತು ಕೇಳಿ ಇಲ್ಲಿ ಲೆಕ್ಕ ಹಾಕಬೇಡಿ.  ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯುಧ ಇಟ್ಟುಕೊಳ್ಳಲು 2010ರಿಂದ ಆಯಾ ರಾಜ್ಯದ ಕಾನೂನೇ. ನಮ್ಮಲ್ಲಿ ಉದ್ಯಾನವೇ ಅಡ್ಡಿ.

ಹಳಿಯಾಳ_ತೋಟ
ಸರಿ, ಅರಬೈಲ್ ದಾರಿಯೇ ಹಿಡಿಯುವುದು. ದೋಣಿಯಲ್ಲಿ?

ಘಟ್ಟದ_ಕೆಳಗಿನವ
ಮೂಲ ಲೈಸೆನ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗಿರಲಿ, ಝೆರಾಕ್ಸ್ ನಂಬಬೇಡಿ. ಸಿಲಿಂಡರ್ ಖಾಲಿ ಮಾಡಿ, ಗುಂಡು ಬೇರೆ ಡಬ್ಬಿಯಲ್ಲಿ. ಹೋಲ್‌ಸ್ಟರಿಗೆ ಗುಂಡಿ ಹಾಕುವ ಪಟ್ಟಿ ಇರಬೇಕು. ಬಗ್ಗಿದಾಗ ಜಾರಿ ಹೊಳೆಗೆ ಬಿತ್ತೋ, ಹತ್ತಿರದ ಠಾಣೆಗೆ ಕೂಡಲೇ ತಿಳಿಸಬೇಕಾಗುತ್ತದೆ. ರಿವಾಲ್ವರಿನ ಹಿಡಿಯ ಅಡಿಯಲ್ಲಿ ಉಂಗುರ ಇದ್ದರೆ ಅದಕ್ಕೆ ದಾರ ಕಟ್ಟಿಕೊಳ್ಳಿ.

ಸದಾಶಿವಗಡದ ಹತ್ತಿರ ಹೊಳೆ ಉಪ್ಪುನೀರು. ನೀರು ಸಿಡಿದಿದ್ದರೆ ಮೊದಲೇ ಎಣ್ಣೆ ಹಚ್ಚಬೇಡಿ, ಉಪ್ಪು ಅಡಿಯಲ್ಲೇ ಉಳಿದು ರಾತ್ರಿ ಕಳೆಯುವುದರೊಳಗೆ ತುಕ್ಕು ಏಳುತ್ತದೆ. ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ. ಗುಂಡುಗಳಿಗೆ ಎಣ್ಣೆ ತಾಗಿಸಬಾರದು, ಕೇಪಿನೊಳಗೆ (ಗುಂಡಿನ ಬುಡದ ಕಿಡಿ ಹೊತ್ತಿಸುವ ಭಾಗ) ಇಳಿದರೆ ಹಾರುವುದಿಲ್ಲ. ಮಳೆಗಾಲದಲ್ಲಿ ಚರ್ಮದ ಹೋಲ್‌ಸ್ಟರ್‌ನಲ್ಲೇ ಇಟ್ಟುಬಿಟ್ಟರೆ ಚರ್ಮಕ್ಕೆ ಬೂಷ್ಟು, ಗುಂಡಿನ ಹಿತ್ತಾಳೆಗೆ ಹಸಿರು ಕಿಲುಬು. ಮನೆಗೆ ಬಂದಮೇಲೆ ರಿವಾಲ್ವರ್, ಗುಂಡು, ಹೋಲ್‌ಸ್ಟರ್ ಬೇರೆಬೇರೆ ಇಡಿ.

ಶಿರಸಿ_ಕೋವಿ
ಇನ್ನೊಂದು. ಕಾರವಾರದಿಂದ ಹಾಗೇ ಗೋವಾ ಕಡೆ ತಿರುಗಬೇಡಿ. ನಿಮ್ಮ ಲೈಸೆನ್ಸ್ ಗಡಿಯ ಮಾಜಾಳಿಯಲ್ಲಿ ಮುಗಿಯಿತು.