ಅಪ್ಪನ ಹಳೇ ಜೋಡಿ ನಳಿಗೆ ಕೋವಿ ಉಳಿಸಿಕೊಳ್ಳಲೋ, ಹೊಸದು ತಗೊಳ್ಳಲೋ? ಕಾನೂನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು

ಗದ್ದೆಮನೆ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಐದು ತಿಂಗಳಾಯಿತು. 78 ವರ್ಷ ಆಗಿತ್ತು. ಅವರ ಲೈಸೆನ್ಸಿನಲ್ಲಿ ಎರಡು ಕೋವಿ ಇದ್ದವು. ಒಂದು ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜ ಅನ್ನುವ ಉದ್ದ ಕೋಲಿನಲ್ಲಿ ಜಡಿಯುವಂಥದ್ದು. ಇನ್ನೊಂದು ಅಜ್ಜ ಒಂದು ಎಸ್ಟೇಟಿನವರಿಂದ ಕೊಂಡಿದ್ದ 12 ಬೋರಿನ ಜೋಡಿ ನಳಿಗೆ (ಬೋರ್ ಅಂದರೆ ನಳಿಗೆಯ ಒಳಅಳತೆ). ಮೇಲೆ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ ಅಂತ ಇಂಗ್ಲಿಷ್ ಕಂಪನಿಯ ಹೆಸರು ಕೊರೆದಿದೆ. ಅದರ ಸೇಫ್ಟಿ ಎಡಗಡೆ ಪಕ್ಕದಲ್ಲಿದೆ. ಚಿಕ್ಕವಳಿದ್ದಾಗ ಅಪ್ಪ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ, ಆದರೆ ಎಣ್ಣೆ ಹಾಕಿ ಒರೆಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಡುತ್ತಿದ್ದರು.

ನಮ್ಮದು ಮಲೆನಾಡು. ಕಾಡಿನ ಅಂಚಿಗೆ ಮೂರು ಎಕರೆ ಗದ್ದೆ, ಸ್ವಲ್ಪ ಅಡಿಕೆ. ಅಪ್ಪ ಪ್ರಾಣಿ ಕೊಂದಿದ್ದನ್ನು ನಾನು ನೋಡಿಲ್ಲ. ಭತ್ತ ಹಾಲು ತುಂಬುವ ಹೊತ್ತಿಗೆ ರಾತ್ರಿ ಅಟ್ಟಣೆ ಹತ್ತಿ ಕೂರುತ್ತಿದ್ದರು. ಹಂದಿ ಹಿಂಡು ಬಂದ ಸದ್ದಾದರೆ ಕೇಪಿನ ಕೋವಿಯಿಂದ ಆಕಾಶಕ್ಕೆ ಒಂದು ಈಡು. ಅಷ್ಟೇ. ಆ ಸದ್ದಿಗೆ ಎರಡು ಮೂರು ದಿನ ಹಂದಿ ಈ ಕಡೆ ತಲೆ ಹಾಕುತ್ತಿರಲಿಲ್ಲ.

2020ರ ಡಿಸೆಂಬರ್ ನೆನಪಿದೆ. ಗ್ರಾಮ ಪಂಚಾಯಿತಿ ಚುನಾವಣೆ ಅಂತ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬಂದರು. ಗದ್ದೆಯಲ್ಲಿ ಭತ್ತ ಕೊಯ್ಲಿಗೆ ನಿಂತಿತ್ತು. ನಾಲ್ಕು ರಾತ್ರಿ ತಗಡು ಬಡಿದರು, ಪಟಾಕಿ ಹೊಡೆದರು. ಐದನೇ ದಿನ ಬೆಳಿಗ್ಗೆ ಕೆಳಗಿನ ಗದ್ದೆ ಉತ್ತ ಹಾಗಿತ್ತು. ಅಪ್ಪ ಬದುವಿನ ಮೇಲೆ ಸುಮ್ನೆ ಕೂತಿದ್ದರು. ಆ ವರ್ಷ ಊಟಕ್ಕೆ ಅಕ್ಕಿ ಅಂಗಡಿಯಿಂದ ತಂದೆವು.

ಈಗ ನನ್ನ ತೊಂದರೆ. ಅಪ್ಪ ಹೋದ ಮೇಲೆ ಎರಡೂ ಕೋವಿಗಳನ್ನು ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಇಟ್ಟು ರಸೀದಿ ತಗೊಂಡಿದ್ದೇನೆ. ನನ್ನ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಹಿಡಿದು ಒಂದು ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ, ಈಗ ಒಂದು ಮನೆಗೆ ಒಂದೇ ಕೋವಿ ಅಂದರು. ಎರಡನೇ ಸಲ, ಮದುವೆಯಾದ ಮಗಳಿಗೆ ಬರುವುದಿಲ್ಲ ಅಂದರು. ಮೂರನೇ ಸಲ, ಬೆಳೆ ರಕ್ಷಣೆಗೆ ಕೇಪಿನ ಕೋವಿ ಮಾತ್ರ, ಜೋಡಿ ನಳಿಗೆ ಕೊಡಲ್ಲ ಅಂದರು. ಯಾವುದನ್ನೂ ಬರೆದು ಕೊಡಲಿಲ್ಲ. ನಾನು ಒಬ್ಬಳೇ ಮಗಳು. ಅಮ್ಮ ಇದ್ದಾರೆ, ಅವರದೇನೂ ತಕರಾರಿಲ್ಲ.

ನನ್ನ ಗೆಳತಿ ವಿರಾಜಪೇಟೆ ಕಡೆಯ ಕೊಡವರವಳು. ಅವರ ಮನೆಗೆ ಕೈಲ್ಪೊಳ್ದಿಗೆ, ಅಂದರೆ ಅವರ ಆಯುಧ ಪೂಜೆಯ ಹಬ್ಬಕ್ಕೆ ಹೋಗಿದ್ದೆ. ದೇವರ ಮೂಲೆಯಲ್ಲಿ ಕೋವಿಗಳನ್ನಿಟ್ಟು, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿದ್ದರು. ಅವರಿಗೆ ಲೈಸೆನ್ಸೇ ಬೇಡವಂತೆ. ಒಂದೇ ರಾಜ್ಯ, ಅದೇ ಹಂದಿ, ಅದೇ ಭತ್ತ. ಹೊಟ್ಟೆಕಿಚ್ಚಿಲ್ಲ, ನಿಜವಾಗಿ ತಿಳ್ಕೊಳ್ಳಬೇಕು ಅಂತ ಕೇಳುತ್ತಿದ್ದೇನೆ. ಇದು ಹೇಗೆ?

ಕೊನೆಯದಾಗಿ, ಆ ಹಳೇ ಇಂಗ್ಲಿಷ್ ಕೋವಿ ಇಟ್ಟುಕೊಳ್ಳುವುದು ಒಳ್ಳೆಯದೋ, ಅದನ್ನು ಕೊಟ್ಟು ನಮ್ಮ ದೇಶದ ಕಾರ್ಖಾನೆಯ ಹೊಸದು ತಗೊಳ್ಳುವುದೋ? ಅಪ್ಪ ಒಂದು ಮಾತು ಹೇಳುತ್ತಿದ್ದರು, "ಇದಕ್ಕೆ ಹೊಸ ತೋಟೆ ಆಗಿಬರಲ್ಲ" ಅಂತ. ತೋಟೆ ಅಂದರೆ ಕಾರ್ಟ್ರಿಜ್. ಕೋವಿ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಾರೆ ಅಂದುಕೊಂಡಿದ್ದೆ.

ಕರಿಕೋಟು

ಮೇಡಂ, ನಿಮಗೆ ಹೇಳಿದ ಮೂರರಲ್ಲಿ ಎರಡು ತಪ್ಪು, ಒಂದು ಅರ್ಧ ಸರಿ. ನಾನು ವಕೀಲ. ಇಂಥ ಫೈಲು ಕೆಲವು ಮಾಡಿಸಿದ್ದೇನೆ.

ಮೊದಲು ಸಂಖ್ಯೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಒಬ್ಬರಿಗೆ ಮೂರರವರೆಗೆ ಅವಕಾಶ ಇತ್ತು. 2019ರ ಡಿಸೆಂಬರಿನ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಪಿತ್ರಾರ್ಜಿತ ಕೋವಿಯೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಎರಡು ಸರಿ. ಮೂರನೆಯದು ಇದ್ದವರು ವರ್ಷದೊಳಗೆ ಒಪ್ಪಿಸಬೇಕಿತ್ತು, "ಒಂದೇ ಕೋವಿ" ಅನ್ನುವ ಗಾಳಿಮಾತು ಅಲ್ಲಿಂದಲೇ ಹುಟ್ಟಿರಬೇಕು. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5 ವರ್ಷ ಮಾಡಿದೆ.

ಮಗಳ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ಹೇಳುವುದು ಕಾನೂನುಬದ್ಧ ವಾರಸುದಾರರ ಬಗ್ಗೆ. ಮದುವೆಯಾದ ಮಗಳು ವಾರಸುದಾರಳು ಹೌದು. ಅಮ್ಮನ ಒಪ್ಪಿಗೆ ಪತ್ರ ಜೊತೆಗಿಡಿ, ಕೇಳೇ ಕೇಳುತ್ತಾರೆ.

ಇದನ್ನು ಓದುತ್ತಿರುವ ಉಳಿದವರಿಗೂ ಹೇಳುತ್ತೇನೆ. ಅಪ್ಪ ಅಮ್ಮ ಸಾಯುವವರೆಗೆ ಕಾಯಬೇಕಾಗಿಲ್ಲ. ಲೈಸೆನ್ಸ್ ಇರುವವರಿಗೆ 70 ತುಂಬಿದರೆ, ಇಲ್ಲವೇ ಕೋವಿ ಇಟ್ಟುಕೊಂಡು 25 ವರ್ಷವಾದರೆ, ಯಾವುದು ಮೊದಲೋ ಆಗ ತಾವೇ ವಾರಸುದಾರರನ್ನು ಹೆಸರಿಸಿ ಬಿಟ್ಟುಕೊಡಬಹುದು. ಇದು ಗೊತ್ತಿಲ್ಲದೆ ಎಷ್ಟು ಮನೆಯವರು ಅಲೆಯುತ್ತಿದ್ದಾರೆ ಅಂದರೆ ನನಗೆ ಬೇಜಾರಾಗುತ್ತದೆ.

ಇನ್ನು ಬೆಳೆ ರಕ್ಷಣೆ. ಕಾಯ್ದೆಯ 13ನೇ ಸೆಕ್ಷನ್ ಎರಡು ಬಗೆಯ ಕೋವಿ ಹೇಳುತ್ತದೆ. ರಕ್ಷಣೆಗೆ ಅಥವಾ ಕ್ರೀಡೆಗೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೆರೆ ಇಲ್ಲದ, ಅಂದರೆ ರೈಫಲ್ ಅಲ್ಲದ ಕೋವಿ. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿ. ಆದರೆ ಬೆಳೆ ಕಾಯಲು ಕೇಪಿನ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ, ಗೆರೆ ಇಲ್ಲದ ಬೇರೆ ಕೋವಿಗೂ ಲೈಸೆನ್ಸ್ ಕೊಡಬಹುದು ಅಂತ ಅದೇ ಸೆಕ್ಷನ್ನಿನಲ್ಲಿದೆ. ಗುಮಾಸ್ತರು ಮೊದಲರ್ಧ ಓದಿ ಹೇಳಿದ್ದಾರೆ. ಅರ್ಜಿಯಲ್ಲಿ ಸೆಕ್ಷನ್ ಹೆಸರಿಸಿ ಬರೆಯಿರಿ. ತಿರಸ್ಕರಿಸಿದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಬರೆದದ್ದಿದ್ದರೆ ಮೇಲ್ಮನವಿ ಹಾಕಬಹುದು. ಬಾಯಿಮಾತಿನ ಮೇಲೆ ಏನು ಹಾಕುತ್ತೀರಿ?

ಅಂಗಡಿಯಲ್ಲಿ ಇಟ್ಟಿದ್ದು ಸರಿಯಾದ ಕೆಲಸ, 21ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ತಡ ಮಾಡಬೇಡಿ. ಅವಧಿ ಮೀರಿದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು.

ಕಾಫಿ ಹೂ

ಅಕ್ಕ, ಕೊಡಗಿನವನಾಗಿ ಉತ್ತರ ಹೇಳುತ್ತೇನೆ. ಕೇಳಿದ್ದು ಒಳ್ಳೆಯದಾಯಿತು. ಹೊರಗಿನವರು ನಮಗೆ ಕಾನೂನೇ ಇಲ್ಲ ಅಂದುಕೊಂಡಿದ್ದಾರೆ, ಅದು ಹಾಗಲ್ಲ.

ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ. ಜಮ್ಮಾ ಭೂಮಿ ಇರುವ ಬೇರೆ ಜಾತಿಯವರೂ ಅದರಲ್ಲಿ ಬರುತ್ತಾರೆ. ಇದು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾಗಿದ್ದು. ಸ್ವಾತಂತ್ರ್ಯದ ನಂತರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ 2029ರ ಅಕ್ಟೋಬರ್ 31ರವರೆಗೆ ಇದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ವಜಾ ಮಾಡಿತು. ಲೈಸೆನ್ಸ್ ಬೇಡ ಅಂದರೂ ವಿನಾಯಿತಿ ಪತ್ರ ಮಾಡಿಸಬೇಕು. ಜಿಲ್ಲೆಯಿಂದ ಹೊರಗೆ ಹೋದರೆ ಒಂದು ರೈಫಲ್, 100 ಗುಂಡು, ಒಂದು ಬಂದೂಕು, 500 ತೋಟೆ, ಅಷ್ಟಕ್ಕೆ ಮಿತಿ.

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಹಾರಿಸುತ್ತೇವೆ. ಆದರೆ ಸಂಭ್ರಮದಲ್ಲಿ ಅಜಾಗರೂಕವಾಗಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ 2019ರ ತಿದ್ದುಪಡಿಯಲ್ಲಿದೆ. ಕೋವಿ ನಮಗೆ ದೇವರ ಹಾಗೆ. ಹಾಗಿರುವಾಗ ಅದನ್ನು ಕುಡಿದವರ ಕೈಗೆ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾರೂ ಹೇಳದ ಇನ್ನೊಂದು ವಿಷಯ. ನೀವು ಕಾಡಿನ ಅಂಚು ಅಂದಿರಿ. ಹತ್ತಿರ ವನ್ಯಜೀವಿ ಧಾಮ ಇದೆಯಾ ನೋಡಿ. 1972ರ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಧಾಮದಿಂದ 10 ಕಿಲೋಮೀಟರ್ ಒಳಗಿರುವ ಕೋವಿಯವರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ವಿನಾಯಿತಿ ಇರುವ ನಮಗೂ ಇದು ತಪ್ಪಿದ್ದಲ್ಲ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಮೂರೂ ನಮ್ಮ ಸುತ್ತಲೇ ಇವೆ. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು. ನಿಮ್ಮ ಫೈಲು ಮುಂದೆ ಇಲ್ಲಿ ಸಿಕ್ಕಿಕೊಳ್ಳದಿರಲಿ.

ತೋಟದ ಹುಡುಗ

ಮಂಗ ಓಡಿಸಲು ಏರ್‌ಗನ್ ಸಾಲದಾ? ಅದಕ್ಕೂ ಲೈಸೆನ್ಸ್ ಬೇಕಾ?

ಕರಿಕೋಟು

ಬೋರ್ 4.5 ಮಿ.ಮೀ. ಒಳಗೆ, ಶಕ್ತಿ 20 ಜೂಲ್ ಒಳಗೆ ಇದ್ದರೆ ಬೇಡ. ಬಿಲ್ ಜೋಪಾನವಾಗಿಡಿ. ಆದರೆ ಪ್ರಾಣಿಗೆ ಗುರಿಯಿಡಬೇಡಿ, ಅದು ಬೇರೆ ಕಾಯ್ದೆ.

ಹಳೇ ಆರ್ಮರರ್

ತಾಯಿ, ನಿಮ್ಮಪ್ಪ ಹೇಳಿದ ಮಾತು ಪ್ರೀತಿಗಷ್ಟೇ ಹೇಳಿದ್ದಲ್ಲ. ಅದು ನಿಜ. ಸೈನ್ಯದಲ್ಲಿ ಆರ್ಮರರ್, ಅಂದರೆ ಕೋವಿಗಳ ರಿಪೇರಿ ನೋಡಿಕೊಳ್ಳುವವನಾಗಿ ನಿವೃತ್ತನಾದವನು ನಾನು. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಹಳೇ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ಬಹುಪಾಲು ಎರಡೂವರೆ ಇಂಚಿನ ತೋಟೆಗೆ ಮಾಡಿದಂಥವು. ಈಗ ನಮಗೆ ಸಿಗುವ ಶಕ್ತಿಮಾನ್ ತೋಟೆ 70 ಮಿ.ಮೀ., ಅಂದರೆ ಎರಡೂಮುಕ್ಕಾಲು ಇಂಚು. ಅಪಾಯ ಇರುವುದು ಇಲ್ಲೇ. ಉದ್ದದ ತೋಟೆ ಆ ಕೋವಿಯೊಳಗೆ ಕೂರುತ್ತದೆ, ಕೋವಿ ಮುಚ್ಚುತ್ತದೆ. ಯಾಕೆಂದರೆ ತೋಟೆಯ ಬಾಯಿ ಮಡಚಿರುತ್ತದೆ. ಗುಂಡು ಹಾರುವಾಗ ಆ ಮಡಿಕೆ ಬಿಚ್ಚಿ, ಮುಂದೆ ನಳಿಗೆ ಕಿರಿದಾಗುವ ಜಾಗಕ್ಕೆ ನುಗ್ಗುತ್ತದೆ. ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಒಂದೆರಡು ಸಲ ಏನೂ ಆಗಲಿಕ್ಕಿಲ್ಲ. ಹಾಗಂತ ಧೈರ್ಯ ತಗೋಬಾರದು.

ಅಂಗಡಿಯವರಿಗೆ ಹೇಳಿ ನಳಿಗೆ ಬಿಚ್ಚಿಸಿ, ಅಡಿಭಾಗ ನೋಡಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆಗಳಿರುತ್ತವೆ. "ನೈಟ್ರೋ ಪ್ರೂಫ್" ಅಂತ ಇದ್ದರೆ ಹೊಗೆ ಬಾರದ ಮದ್ದಿಗೆ ಪರೀಕ್ಷೆಯಾಗಿದೆ ಅಂತ ಅರ್ಥ. ತೋಟೆಯ ಉದ್ದವೂ ಇರಬಹುದು. ನಳಿಗೆಯ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಪಟ್ಟಿ ಸುತ್ತಿ ಬೆಸೆದದ್ದು. ಅದಕ್ಕೆ ಇಂದಿನ ತೋಟೆ ಹಾಕಲೇಬೇಡಿ.

ಕಂಪನಿಗಳ ಬಗ್ಗೆ ಕೇಳಿದಿರಿ. ನಳಿಗೆಯನ್ನು ಬಿಗಿಯಾಗಿ ಹಿಡಿದಿಡುವ ಗ್ರೀನರಿನ ಅಡ್ಡ ಬೋಲ್ಟ್ ಬೀಗ ನನಗೆ ಬಹಳ ಇಷ್ಟ, ಎಷ್ಟು ವರ್ಷವಾದರೂ ಸಡಿಲ ಬೀಳುವುದು ಕಮ್ಮಿ. ನಮ್ಮಲ್ಲಿ ಆರ್ಡನೆನ್ಸ್ ಕಾರ್ಖಾನೆಗಳನ್ನು 2021ರಲ್ಲಿ ಏಳು ಕಂಪನಿ ಮಾಡಿದರು, ಬಂದೂಕು ಮಾಡುವ ಕಂಪನಿ ಕಾನ್ಪುರದಲ್ಲಿದೆ. ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಗಟ್ಟಿಮುಟ್ಟು. .303 ಸಾಮಾನ್ಯರಿಗೆ ನಿಷಿದ್ಧ ಬೋರ್ ಆದ್ದರಿಂದ .315 ಅಳತೆ ಚಾಲ್ತಿಗೆ ಬಂತು. ಆದರೆ ಗದ್ದೆ ಕಾಯಲು ರೈಫಲ್ ಬೇಡ, ಗುಂಡು ಕಿಲೋಮೀಟರ್ ಗಟ್ಟಲೆ ಹೋಗುತ್ತದೆ. ಜಮ್ಮು, ಮುಂಗೇರಿನ ಖಾಸಗಿ ಕಾರ್ಖಾನೆಗಳ ಕೋವಿಗಳೂ ಅಂಗಡಿಗೆ ಬರುತ್ತವೆ.

ಹೊಸದರಲ್ಲಿ ಹೆಸರು ನೋಡಿ ಕೊಳ್ಳಬೇಡಿ. ನನ್ನ ಕೈಗೆ ಬಂದ ಒಂದು ಹೊಸ ಕೋವಿಯಲ್ಲಿ, ಕಂಪನಿ ಯಾವುದು ಅನ್ನುವುದು ಬೇಡ, ಮರಕ್ಕೂ ಕಬ್ಬಿಣಕ್ಕೂ ನಡುವೆ ಉಗುರು ತೂರುತ್ತಿತ್ತು. ಅದೇ ಸಾಲಿನ ಇನ್ನೊಂದು ಅಚ್ಚುಕಟ್ಟಾಗಿತ್ತು. ಮುಚ್ಚಿ ಅಲ್ಲಾಡಿಸಿ ನೋಡಿ. ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿ. ಸದ್ದಿಗಷ್ಟೇ ಬೇಕಾದರೆ ಕೇಪಿನ ಕೋವಿಯೇ ಸಾಕು ಅಂತ ನನಗನಿಸುತ್ತದೆ.

ಗದ್ದೆಮನೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಅಂಗಡಿಗೆ ಹೋಗಿ ಬಂದೆ. ನಳಿಗೆ ಬಿಚ್ಚಿಸಿ, ಅಪ್ಪನ ಓದುವ ಕನ್ನಡಕ ಹಾಕಿಕೊಂಡು ಅಡಿಭಾಗ ನೋಡಿದೆ. ಸುರುಳಿ ಗೆರೆ ಇಲ್ಲ. ನೈಟ್ರೋ ಪ್ರೂಫ್ ಮುದ್ರೆ ಇದೆ. ಪಕ್ಕದಲ್ಲಿ ಎರಡೂವರೆ ಇಂಚು ಅಂತ ಸಣ್ಣದಾಗಿ ಕೊರೆದಿದೆ.

ಅಪ್ಪ ಕೋವಿ ಜೊತೆ 25 ತೋಟೆಯ ಒಂದು ಶಕ್ತಿಮಾನ್ ಪೆಟ್ಟಿಗೆ ಇಟ್ಟಿದ್ದರು. ಅದನ್ನೂ ಅಂಗಡಿಯಲ್ಲೇ ಒಪ್ಪಿಸಿದ್ದೆ. ತೆಗೆಸಿ ಎಣಿಸಿದೆ, 23 ಇವೆ. ಅಷ್ಟು ವರ್ಷದಲ್ಲಿ ಖರ್ಚಾಗಿದ್ದು ಎರಡೇ. ಆಮೇಲೆ ಗೊತ್ತಾಗಿರಬೇಕು ಅವರಿಗೆ. ಯಾರು ಹೇಳಿದರೋ, ತಾವೇ ಮುದ್ರೆ ನೋಡಿದರೋ. ನಾನು ಕೇಳಲೇ ಇಲ್ಲ.

ವಕೀಲರೇ, ನೀವು ಹೇಳಿದ ಹಾಗೆ 13ನೇ ಸೆಕ್ಷನ್ ಮತ್ತು 25ನೇ ನಿಯಮ ಹೆಸರಿಸಿ ಎರಡಕ್ಕೂ ಅರ್ಜಿ ಬರೆದಿದ್ದೇನೆ. ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಕಾಫಿ ಹೂ ಅವರೇ, ನಮ್ಮ ಊರಿಂದ ಧಾಮ ಎಷ್ಟು ದೂರ ಅಂತ ನಾಳೆ ಅರಣ್ಯ ಕಚೇರಿಯಲ್ಲಿ ಕೇಳುತ್ತೇನೆ. ಹೊಸ ಕೋವಿ ತಗೊಳ್ಳುವುದಿಲ್ಲ. ಗ್ರೀನರ್ ಮನೆಗೆ ಬಂದರೆ ಎಣ್ಣೆ ಹಾಕಿ ಒರೆಸಿ ಇಡುತ್ತೇನೆ, ತೋಟೆ ಹಾಕುವುದಿಲ್ಲ. ಗದ್ದೆಗೆ ಕೇಪಿನ ಕೋವಿ.

ಆರ್ಮರರ್ ಅವರೇ, ಅದರ ಗಜ ತುದಿಯಲ್ಲಿ ಸ್ವಲ್ಪ ಸೀಳಿದೆ. ಹಾಗೇ ಬಳಸಬಹುದಾ, ಬೇರೆ ಮಾಡಿಸಬೇಕಾ?