ಕುದುರೆಮುಖ ಚಾರಣಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ ಬೆಂಗಳೂರಿಂದ ಕುದುರೆಮುಖಕ್ಕೆ ಹೊರಟಿದ್ದೇವೆ. ಅಮ್ಮನಿಗೆ 58, ದಿನಾ ವಾಕಿಂಗ್ ಮಾಡುತ್ತಾರೆ. ಬೆಟ್ಟ ಹತ್ತೋಕೆ ಆಗುತ್ತಾ?

ಉತ್ತರ 1: ಚಾರಣ ಶುರುವಾಗೋ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿ.ಮೀ. ಆಗುತ್ತೆ. ದಾರಿಯಲ್ಲಿ ಸಿಗೋ ಒಂಟಿಮರ ಅನ್ನೋ ಜಾಗ ದಾಟಿದ ಮೇಲೆ ಏರು ಜಾಸ್ತಿ, ಮಳೆ ಬಂದರೆ ಜಾರುತ್ತೆ. ರೂಮು ಆಮೇಲೆ ನೋಡಿ, ಮೊದಲು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ.

ಉತ್ತರ 2: ನಮ್ಮಮ್ಮ ಮೊದಲ ಹಳ್ಳದ ತನಕ ಬಂದು ವಾಪಸಾದರು, ಅಷ್ಟಕ್ಕೇ ಖುಷಿಪಟ್ಟರು. ಇಂಬಳಕ್ಕೆ (ಜಿಗಣೆಗೆ) ಉಪ್ಪು ಇಟ್ಟುಕೊಳ್ಳಿ. ಒಂದು ಇಂಬಳ ನನ್ನ ಕಾಲ್ಚೀಲದ ನೂಲಿನ ಸಂದಿಯಲ್ಲೇ ದಾರದಷ್ಟು ತೆಳ್ಳಗೆ ನುಸುಳುತ್ತಿತ್ತು, ಉಪ್ಪು ತಾಗಿದ ಕೂಡಲೇ ಉದುರಿತು.

ಉತ್ತರ 3: ಅಮ್ಮ ಕಳಸ, ಹೊರನಾಡು ದೇವಸ್ಥಾನ ನೋಡಲಿ, ನೀವು ಹತ್ತಿ ಬನ್ನಿ. ಪ್ಲಾಸ್ಟಿಕ್ ಮಾತ್ರ ದಯವಿಟ್ಟು ಬಿಸಾಡಬೇಡಿ, ಅದು ಸಿಂಗಳೀಕಗಳು ಇರುವ ಕಾಡು.