ಅಪ್‌ಡೇಟ್: ಶಿರಸಿ–ಕಾರವಾರ ಬಸ್, ದೇವಿಮನೆ ಘಟ್ಟದ ವಾಂತಿ

ದೇವಿಮನೆ ಘಟ್ಟದಲ್ಲಿ ವಾಂತಿ ಮಾಡ್ಕೊಳ್ಳುವ ಗೆಳತಿಯನ್ನ ಶಿರಸಿಯಿಂದ ಕಾರವಾರಕ್ಕೆ ಬಸ್ಸಲ್ಲಿ ಕರ್ಕೊಂಡು ಹೋಗೋದು ಹೇಗೆ ಅಂತ ಹೋದ ವಾರ ಕೇಳಿದ್ದೆ. ಹೋಗಿ ಬಂದಾಯ್ತು.

ಕೆಲಸಕ್ಕೆ ಬಂದದ್ದು ಸೀಟು ಮತ್ತು ಮಾತ್ರೆಯ ಟೈಮು. ಹಿಂದಿನ ಚಕ್ರದಿಂದ ಆಚೆ ಇರುವ ಸೀಟುಗಳು ಪ್ರತಿ ತಿರುವಿಗೂ ಜಾಸ್ತಿ ಬೀಸ್ತವೆ, ಹಾಗಾಗಿ ಮುಂದಿನ ಮೂರ್ನಾಲ್ಕು ಸಾಲಲ್ಲೇ, ಎದುರಿನ ರಸ್ತೆ ಕಾಣುವ ಹಾಗೆ ಕೂರಬೇಕು. ವಾಂತಿ ತಡೆಯುವ ಪ್ರೊಮೆಥಜೀನ್ ಮಾತ್ರೆಯನ್ನ ಅವಳು ಹೊರಡೋಕೆ ಒಂದು ತಾಸು ಮೊದಲೇ ನುಂಗಿದ್ದಕ್ಕೆ ರಾಗಿಹೊಸಳ್ಳಿ ದಾಟಿ, ಘಟ್ಟ ಇಳಿದು ಕತಗಾಲ ತನಕ ಏನೂ ಆಗ್ಲಿಲ್ಲ. ವಾಪಸ್ ಬರುವಾಗ ಅದೇ ಮಾತ್ರೆ ಕುಮಟಾ ಸ್ಟ್ಯಾಂಡಲ್ಲಿ, ಬಸ್ ಬಿಡೋಕೆ ಹತ್ತು ನಿಮಿಷ ಇರುವಾಗ ತಗೊಂಡಿದ್ದು ದಂಡ. ಘಟ್ಟ ಹತ್ತಿ ಮುಗಿದ ಮೇಲೆ ನಿದ್ದೆ ಮಾತ್ರ ಜೋರು ಬಂತು. ಬೇರೆ ಔಷಧ ತಗೊಳ್ಳುವವರು ಡಾಕ್ಟರ್‌ರನ್ನ ಕೇಳಿಯೇ ತಗೊಳ್ಳಿ.

ಲಿಂಬೆಹಣ್ಣು ಮೂಸೋದು, ಖಾಲಿ ಹೊಟ್ಟೆ, ಎರಡೂ ಉಪಯೋಗ ಇಲ್ಲ. ಎರಡು ಇಡ್ಲಿ ತಿಂದದ್ದೇ ಚಲೋ ಆಯ್ತು. ಮೊಬೈಲ್ ನೋಡಿದ ಕೂಡಲೇ ಸಂಕಟ ಶುರು: ಕಿವಿಯೊಳಗೆ ತಿರುವು ಗೊತ್ತಾಗ್ತದೆ, ಕಣ್ಣಿಗೆ ಪರದೆ ಅಲ್ಲಾಡದೆ ಕಾಣ್ತದೆ.

ಗೊತ್ತಿಲ್ಲದೆ ಇದ್ದ ಇನ್ನೊಂದು: ನೇರ ಬಸ್ಸಿಗೇ ಕಾಯಬೇಕಿಲ್ಲ. ಕುಮಟಾದಲ್ಲಿ ಇಳಿದು ಸುಧಾರಿಸ್ಕೊಂಡು ಅಂಕೋಲಾ ಮೇಲೆ ಹೋಗುವ ಬಸ್ ಹತ್ತಬಹುದು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಆಗಲೂ ಶೂನ್ಯ ಟಿಕೆಟ್ಟೇ, ಆಧಾರ್ ಕಾರ್ಡ್ ಕೈಗೆ ಸಿಗುವಲ್ಲಿ ಇಟ್ಕೊಳ್ಳಿ. ಕಾರವಾರದಿಂದ ಮುಂದೆ ಗೋವಾದ ಕದಂಬ ಬಸ್ಸಿಗೆ ಮಾತ್ರ ದುಡ್ಡು ಕೊಡಬೇಕು.